ಅಕ್ಕನ ಗುಂಗುರು ಕೂದಲು, ನನ್ನ ದಬ್ಬಣ

೧೯೯೯ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಪಾಸಾಗಿದ್ದೆ, ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟನೆಯದಕ್ಕೆ ನಮ್ಮೂರಿನಿಂದ ಕುಕನೂರಿಗೆ ಹೋಗಬೇಕಿತ್ತು. ಹೋದೆ. ಪಾಟಿಚೀಲದ ಬದಲು ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು, ಸೋದರಮಾವನ ಜೊತೆ ಕೂದಲು ಕೊಳ್ಳಲು ಹೋದೆ.

ಹೆಂಗಸರು ತಲೆ ಬಾಚಿಕೊಂಡಾಗ ಹಣಿಗೆಗೆ ಬರುವ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೋ ಜಂತೆಯ ಸಂದಿಗೋ ತುರುಕಿಡುತ್ತಾರಲ್ಲ, ಅದೇ ನಮ್ಮ ಸರಕು. ಉಂಡೆಗಳನ್ನು ಕೊಟ್ಟವರಿಗೆ ಸ್ಟೀಲಿನ ಬಟ್ಟಲು, ಪಿನ್ನು, ಬಲೂನು ಕೊಡುತ್ತಿದ್ದೆವು. ತುಂಬಿದ ಚೀಲ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗುತ್ತಿತ್ತು. ಅಲ್ಲಿ ಓಣಿ ಓಣಿಯಲ್ಲೂ ಜನ ಕೂತು ಆ ಉಂಡೆಗಳ ಸಿಕ್ಕು ಬಿಡಿಸುತ್ತಾರೆ. ಬಿಡಿಸಿದ ಕೂದಲನ್ನು ಉದ್ದದ ಪ್ರಕಾರ ಕಟ್ಟು ಕಟ್ಟಿದರೆ ಅದು ಟೋಪನ್ನಾಗಿ ಹೊಲಿಯಲು ಯಾವುದೋ ದೇಶಕ್ಕೆ ಹಡಗು ಹತ್ತುತ್ತದೆ. ಒಂದು ವರ್ಷ ಊರೂರು ತಿರುಗಿದ ಮೇಲೆ ನಾನೂ ಒಂದು ಶೆಡ್ಡಿನಲ್ಲಿ ದಬ್ಬಣ ಹಿಡಿದು ಕೂತೆ. ಗೋಣಿಚೀಲ ಹೊಲಿಯುತ್ತಾರಲ್ಲ, ಅದೇ ದಬ್ಬಣ. ಅದನ್ನು ಉಂಡೆಯ ನಡುವೆ ಚುಚ್ಚಿ ಎಳೆ ಎಳೆಯಾಗಿ ಹೊರಗೆಳೆಯುವುದು ನಮ್ಮ ಕೆಲಸ.

ಆರು ತಿಂಗಳಲ್ಲಿ ಆ ಶೆಡ್ಡಿನಲ್ಲಿ ನನ್ನಷ್ಟು ಬೇಗ ಬಿಡಿಸುವವರು ಯಾರೂ ಇರಲಿಲ್ಲ. ಕೂದಲು ಮುಟ್ಟಿದರೆ ಸಾಕು, ಯಾವ ಕಡೆಯದೆಂದು ಹೇಳುತ್ತಿದ್ದೆ. ಗಂಗಾವತಿ ಕಡೆಯದು ಕಾಲುವೆ ನೀರಿನಲ್ಲಿ ತೊಳೆದದ್ದು, ಎಣ್ಣೆ ಕುಡಿದದ್ದು, ಬೆರಳಿನಿಂದ ಜಾರುತ್ತದೆ. ಕುಷ್ಟಗಿ ಕಡೆಯದು ಬೋರಿನ ಸವಳು ನೀರಿನದು, ಒಣ ಜೋಳದ ದಂಟಿನ ಹಾಗೆ ಉರುಟು. ಗುಂಗುರು ಕೂದಲಿನ ಉಂಡೆ ಬಂದರೆ ಹೆಂಗಸರು ಗೊಣಗಿ ನನ್ನ ಕಡೆ ದಬ್ಬುತ್ತಿದ್ದರು. ನೆಟ್ಟಗಿನ ಕೂದಲಿನ ಉಂಡೆ ಎರಡು ಬಿಡಿಸುವ ಹೊತ್ತಿಗೆ ಗುಂಗುರಿನದು ಒಂದು ಬಿಚ್ಚಿಕೊಂಡರೆ ಪುಣ್ಯ. ನನಗೆ ಅದರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಮನೆಯಲ್ಲಿ ಅಕ್ಕನದು ಅಂಥದೇ ಕೂದಲು.

ಅಜ್ಜಿಯ ಕಡೆಯಿಂದ ಬಂದದ್ದು ಅದು. ನನ್ನದೂ ಗುಂಗುರೇ. ಗಂಡಸಾದ್ದರಿಂದ ಕತ್ತರಿ ಹಾಕಿಸಿಕೊಂಡು ಬದುಕಿಕೊಂಡೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನದು ಸೊಂಟದವರೆಗೆ ಇಳಿಯುತ್ತಿತ್ತು. ಒಣಗಿದರೆ ಸುರುಳಿ ಸುತ್ತಿಕೊಂಡು ಹೆಗಲಿಗೆ ಏರುತ್ತಿತ್ತು. ಭಾನುವಾರ ಅವ್ವ ಅವಳಿಗೆ ತಲೆ ಎರೆಯುತ್ತಿದ್ದಳು. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಿದ್ದ. ಹಾಗಾಗಿ ಹಂಡೆಯಿಂದ ನೀರು ತೋಡಿಕೊಡುವ ಕೆಲಸ ನನ್ನದು. ಬಚ್ಚಲ ಕಲ್ಲಿನ ಮೇಲೆ ಅಕ್ಕ ಮೊಣಕಾಲಿಗೆ ಮುಖ ಕೊಟ್ಟು ಕೂರುತ್ತಿದ್ದಳು. ಇನ್ನೂ ತಲೆಯಿಂದ ನೀರು ಇಳಿಯುತ್ತಿರುವಾಗಲೇ ಅವ್ವ ಅಗಲ ಹಲ್ಲಿನ ಕಟ್ಟಿಗೆಯ ಹಣಿಗೆ ಹಾಕುತ್ತಿದ್ದಳು. ಸೀಗೆಕಾಯಿಯ ವಾಸನೆ, ಒಲೆಯ ಹೊಗೆ, ಅಕ್ಕನ ಬೈಗುಳ. ನನ್ನ ಬಾಳಿನ ಭಾನುವಾರ ಎಂದರೆ ಅದು. ಇವತ್ತಿಗೂ ಎಲ್ಲಾದರೂ ಸೀಗೆಕಾಯಿ ಕುದಿಯುವ ವಾಸನೆ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ.

ಅವ್ವ ಯಾಕೆ ನೀರಿರುವಾಗಲೇ ಬಾಚುತ್ತಾಳೆ ಎಂದು ನಾನು ಎಂದೂ ಕೇಳಲಿಲ್ಲ. ಕೇಳಿದ್ದರೆ ಇದನ್ನು ಬರೆಯಬೇಕಾದ್ದೇ ಇರಲಿಲ್ಲ.

ಅಕ್ಕನಿಗೆ ಹದಿನೆಂಟು ತುಂಬಿದ ವರ್ಷ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ ಜೋರಾಗಿತ್ತು. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಲ್ಲೇ ಮುಟ್ಟಿಸುವ ಕೆಲಸ. ಹೂವು ಅರಳಿದ ದಿನ ಮಾಡದಿದ್ದರೆ ಕೆಟ್ಟಿತು, ಆದ್ದರಿಂದ ಭಾನುವಾರವೂ ರಜೆಯಿಲ್ಲ. ಅವ್ವ, ಅಕ್ಕ ಇಬ್ಬರೂ ಹೋಗುತ್ತಿದ್ದರು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ದಿನವಿಡೀ ಬೆವರು, ಎರೆ ಮಣ್ಣಿನ ಧೂಳು. ಮನೆಗೆ ಬಂದು ಅದೇ ಗಂಟಿನಲ್ಲೇ ಕೌದಿಯ ಮೇಲೆ ತಲೆಯಿಟ್ಟು ನಿದ್ದೆ. ನೆಟ್ಟಗಿನ ಕೂದಲಾದರೆ ಉದುರಿದ ಎಳೆ ಜಾರಿ ಕೆಳಗೆ ಬೀಳುತ್ತದೆ. ಗುಂಗುರಿನಲ್ಲಿ ಉದುರಿದ್ದು ಹೊರಗೆ ಬೀಳುವುದಿಲ್ಲ. ಪಕ್ಕದ ಸುರುಳಿಗೆ ಸುತ್ತಿಕೊಂಡು ಅಲ್ಲೇ ಉಳಿಯುತ್ತದೆ. ಅದರ ಮೇಲೆ ಕೌದಿಯ ತಿಕ್ಕು. ಹೀಗೆ ಎರಡು ಮೂರು ವಾರ. ಆಮೇಲೆ ಅಕ್ಕನಿಗೆ ವಿಷಮಜ್ವರ ಬಂತು. ಜ್ವರದವರ ತಲೆಗೆ ನೀರು ಹಾಕುವ ಹಾಗಿಲ್ಲ, ಹಣಿಗೆ ಮುಟ್ಟಿಸುವ ಹಾಗಿಲ್ಲ. ಇಪ್ಪತ್ತು ದಿನ ಅವಳು ಮಲಗಿದಲ್ಲೇ ತಲೆ ಹೊರಳಿಸಿದಳು.

ಎದ್ದು ಕೂತಾಗ ಹಿಂದಲೆಯಲ್ಲಿ ತೆಂಗಿನಕಾಯಿಯ ಹೋಳಿನಷ್ಟು ಗಟ್ಟಿಯಾದ ಗಂಟು.

ನಮ್ಮ ಕಡೆ ಅಂಥದನ್ನು ಯಾರೂ ಗಂಟು ಎನ್ನುವುದಿಲ್ಲ. ಅಮ್ಮ ಬಂದಾಳ, ಜಡೆ ಕೊಟ್ಟಾಳ ಎನ್ನುತ್ತಾರೆ. ಅಮ್ಮ ಎಂದರೆ ಊರ ದೇವಿ. ಜಡೆ ಬಂದ ತಲೆಗೆ ಹಣಿಗೆಯಿಲ್ಲ, ಕತ್ತರಿಯಿಲ್ಲ. ಅರಿಶಿನ ಹಚ್ಚಿ ಉಡಿ ತುಂಬಿದರೆ ಆ ಹೆಣ್ಣು ಅಮ್ಮನವಳು. ಅವಳನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ. ಓಣಿಯ ಹಿರಿಯ ಹೆಂಗಸರು ಬಂದು ನೋಡಿ ಕೈಮುಗಿದು, ಶುಕ್ರವಾರ ಅರಿಶಿನ ಹಚ್ಚುವುದೆಂದು ಹೇಳಿ ಹೋದರು. ಅವ್ವ ಅಳಲಿಲ್ಲ, ಹೆದರಿದ್ದಳು. ಕುಷ್ಟಗಿಯಿಂದ ಅಕ್ಕನನ್ನು ಕೇಳಿಕೊಂಡು ಬಂದವರಿದ್ದರು, ಹಬ್ಬದ ನಂತರ ಮಾತು ಮುಗಿಸುವುದಿತ್ತು.

ಸುದ್ದಿ ಕೇಳಿ ನಾನು ಭಾಗ್ಯನಗರದಿಂದ ಸೋಮವಾರ ಊರಿಗೆ ಬಂದೆ. ಗಂಟನ್ನು ನೋಡಿದ ಕೂಡಲೇ ನನಗೆ ನಗು ಬಂತು. ಇದಕ್ಕಿಂತ ಕೆಟ್ಟದ್ದನ್ನು ದಿನಕ್ಕೆ ಎಂಟು ಬಿಡಿಸುವವನು ನಾನು. ಅವ್ವ ಮುಟ್ಟಬೇಡ ಎಂದಳು. ಮರುದಿನ ಅವಳು ಹೊಲಕ್ಕೆ ಹೋದ ಮೇಲೆ ಅಕ್ಕ ಹೊಸ್ತಿಲ ಮೇಲೆ ನನಗೆ ಬೆನ್ನು ಹಾಕಿ ಕೂತಳು.

"ಬಿಡಸ್ತೀಯೇನೋ ತಮ್ಮಾ?"

ಬಿಡಿಸುತ್ತೇನೆ ಅಂದೆ. ಸಂಜೆಯೊಳಗೆ ಹೆರಳು ಹಾಕಿಕೊಂಡು ಬಾವಿಗೆ ಹೋಗುವಿಯಂತೆ ಅಂದೆ. ಜೇಬಿನಿಂದ ದಬ್ಬಣ ತೆಗೆದೆ.

ಶೆಡ್ಡಿನಲ್ಲಿ ನಮಗೆ ಕಲಿಸಿದ ಮೊದಲ ಮಾತು, ಕೂದಲಿಗೆ ನೀರು ತಾಗಿಸಬೇಡ ಎನ್ನುವುದು. ಒದ್ದೆಯಾದ ಉಂಡೆ ಇನ್ನಷ್ಟು ಬಿಗಿಯುತ್ತದೆ, ಬೂಸು ಹಿಡಿಯುತ್ತದೆ. ಎರಡನೆಯದು, ನಡುವಿನಿಂದ ಬಿಡಿಸು. ನಾನು ಎರಡನ್ನೂ ತಪ್ಪದೆ ಪಾಲಿಸಿದೆ. ಒಣ ಕೂದಲಿನ ಗಂಟಿನ ನಡುವೆ, ಬುಡಕ್ಕೆ ಹತ್ತಿರವಾಗಿ ದಬ್ಬಣ ಹಾಕಿ ಎಳೆದೆ. ಉದುರಿದ ಕೂದಲಿಗೆ ತಲೆ ಇರುವುದಿಲ್ಲ. ಎಷ್ಟು ಎಳೆದರೂ ಯಾರಿಗೂ ನೋಯುವುದಿಲ್ಲ. ಎರಡು ವರ್ಷ ಅಂಥದನ್ನೇ ಎಳೆದ ಕೈ ನನ್ನದು.

ಮೊದಲು ಅಕ್ಕ ಹಲ್ಲು ಕಚ್ಚಿ ತಡೆದುಕೊಂಡಳು. "ನಾ ಕೂದ್ಲದ ಮೂಟಿ ಅಲ್ಲೋ, ಮೆತ್ತಗ," ಎಂದು ಒಮ್ಮೆ ನಕ್ಕಳು ಕೂಡ. ನಾನು ಮೆತ್ತಗೆ ಮಾಡಲಿಲ್ಲ. ಒಂದೆಡೆ ಸಡಿಲವಾದರೆ ಇನ್ನೊಂದೆಡೆ ಬಿಗಿಯುತ್ತಿತ್ತು. ನನಗೆ ಹಟ ಹತ್ತಿತ್ತು. ಕೊನೆಗೆ ಜೋರಾಗಿ ಎಳೆದಾಗ ಗೇಣುದ್ದದ ಕೂದಲಿನ ಒಂದು ಎಸಳು ಬುಡಸಮೇತ ನನ್ನ ಕೈಗೆ ಬಂತು. ಅಕ್ಕ ಕೂಗಿದಳು. ಕುತ್ತಿಗೆಯ ಮೇಲೆ ರಕ್ತ ಇಳಿಯಿತು. ಕೂಗು ಕೇಳಿ ಬಂದ ಎದುರು ಮನೆಯಾಕೆ ನನ್ನ ಕೈಯಲ್ಲಿದ್ದ ದಬ್ಬಣ ನೋಡಿ ಬಾಯಿಗೆ ಸೆರಗು ಹಿಡಿದಳು.

ಸಂಜೆ ಅಕ್ಕನಿಗೆ ಮತ್ತೆ ಜ್ವರ ಏರಿತು. ವಿಷಮಜ್ವರ ಒಮ್ಮೊಮ್ಮೆ ಮರಳುತ್ತದೆ ಎಂದು ಈಗ ನನಗೆ ಗೊತ್ತು. ಆ ದಿನ ಓಣಿಗೆಲ್ಲ ಗೊತ್ತಾದದ್ದು ಅಮ್ಮ ಸಿಟ್ಟಾದಳು ಎಂದು. ಅವ್ವ ನನ್ನನ್ನು ಬೈಯಲಿಲ್ಲ. ಬುತ್ತಿ ಕಟ್ಟಿಕೊಟ್ಟು ಹೋಗು ಅಂದಳು, ಅಷ್ಟೆ. ಆ ಎಸಳನ್ನು ನಾನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಬುಧವಾರ ಸೋದರಮಾವ ಶೆಡ್ಡಿಗೆ ಚೀಲ ಹಾಕಲು ಬಂದಾಗ ಅಕ್ಕನ ಮಾತು ತಂದ. ಜ್ವರ ಸ್ವಲ್ಪ ಇಳಿದಿದೆಯಂತೆ. ಶುಕ್ರವಾರದೊಳಗೆ ಒಮ್ಮೆ ಬರಬೇಕಂತೆ, ಮೆತ್ತಗೆ ಮಾಡಿದರೆ ಬಿಟ್ಟೀತು, ತಾನು ಕೂಗುವುದಿಲ್ಲ ಎಂದಿದ್ದಾಳಂತೆ.

ನಾನು ಹೋಗಲಿಲ್ಲ. ಕೆಲಸ ಇದೆ ಎಂದು ಹೇಳಿ ಕಳಿಸಿದೆ. ಕೆಲಸ ಇದ್ದದ್ದು ನಿಜ. ಅದಕ್ಕಿಂತ ನಿಜವಾದದ್ದು, ಶೆಡ್ಡಿನಲ್ಲಿ ಎಲ್ಲರಿಗಿಂತ ಮುಂದಿದ್ದ ಕೈ ನನ್ನದು, ಅದು ಓಣಿಯ ಮುಂದೆ ಇನ್ನೊಮ್ಮೆ ಸೋಲುವುದು ನನಗೆ ಬೇಡವಾಗಿತ್ತು. ಶುಕ್ರವಾರ ಅರಿಶಿನ ಹಚ್ಚಿದರು. ಕುಷ್ಟಗಿಯವರು ತಿರುಗಿ ಬರಲಿಲ್ಲ.

ಅಂದಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ. ಅಪ್ಪ ಈಗಿಲ್ಲ. ಅಕ್ಕ ಊರಲ್ಲೇ ಅವ್ವನ ಜೊತೆ ಇದ್ದಾಳೆ. ಜಡೆ ಬೆಳೆದು ಮೊಣಕಾಲು ಮುಟ್ಟಿದೆ. ಹಸಿರು ಬಟ್ಟೆಯಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ. ಮಂಗಳವಾರ, ಶುಕ್ರವಾರ ಹೆಂಗಸರು ಬಂದು ಕಾಲು ಮುಟ್ಟಿ ಕಾಯಿ ಕೊಟ್ಟು ಹೋಗುತ್ತಾರೆ. ಉಳಿದ ದಿನ ಅವಳು ಅದೇ ಪ್ಲಾಟಿನಲ್ಲಿ ಹೂವಿಗೆ ಹೂವು ಮುಟ್ಟಿಸುತ್ತಾಳೆ. ಮಾತಿನಲ್ಲಿ ಮೊದಲಿನ ಚುರುಕೇ ಇದೆ. ನನ್ನ ಮೇಲೆ ಸಿಟ್ಟು ತೋರಿಸಿದವಳಲ್ಲ. ತೋರಿಸಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಊರಿಗೆ ಹೋದಾಗಲೆಲ್ಲ ನನ್ನ ಕಣ್ಣು ಬಚ್ಚಲ ಕಲ್ಲಿನ ಮೇಲೆ ಬೀಳುತ್ತಿತ್ತು. ಅದು ಒಣಗಿಕೊಂಡು ಹಾಗೇ ಇರುತ್ತಿತ್ತು.

ನನಗೆ ಮದುವೆಯಾಗಿ ಮಗಳು ಹುಟ್ಟಿದಳು. ವರ್ಷ ತುಂಬುವ ಹೊತ್ತಿಗೆ ಅವಳ ತಲೆಯ ತುಂಬ ಅಜ್ಜಿಯ ಸುರುಳಿ. ನನ್ನ ಹೆಂಡತಿ ಗಂಗಾವತಿ ಕಡೆಯವಳು, ಬೆರಳು ಹಾಕಿದರೆ ಜಾರುವ ಕೂದಲಿನವಳು. ನಾಲ್ಕು ಸಲ ಬಾಚಿ ನೋಡಿ ಸೋತು ಹಣಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. "ನಿಮ್ಮ ಮನಿ ಕೂದ್ಲ ಇದು. ನೀವಾ ನೋಡ್ಕೋರಿ." ನಾನು ಹಣಿಗೆಯನ್ನು ಎತ್ತಿ ಪಕ್ಕಕ್ಕಿಟ್ಟೆ. ವರ್ಷವಿಡೀ ಕೂದಲಲ್ಲೇ ಕೆಲಸ ಮಾಡುವವನಿಗೆ ಒಂದು ಮಗುವಿನ ತಲೆ ಮುಟ್ಟಲು ಹೆದರಿಕೆ.

ಒಂದು ದಿನ ಮಗಳು ಮೈಗೆಲ್ಲ ಕೊಬ್ಬರಿ ಎಣ್ಣೆ ಬಳಿದುಕೊಂಡು ನಳದ ಕೆಳಗೆ ಆಡುತ್ತ ಕೂತಿದ್ದಳು. ಎತ್ತಿಕೊಳ್ಳಲು ಹೋದ ನನ್ನ ಬೆರಳು ಅವಳ ನೆನೆದ ಕೂದಲಿಗೆ ಸಿಕ್ಕಿತು. ಸಿಕ್ಕಿದ್ದು ಹಾಗೆಯೇ ಜಾರಿ ಹೊರಬಂತು. ಇನ್ನೊಂದು ಸಲ ಹಾಕಿದೆ. ಬೆಳಗ್ಗೆ ಹಣಿಗೆಗೆ ಜಗ್ಗದಿದ್ದ ಗಂಟು ಬೆರಳಿಗೆ ಬಿಚ್ಚಿಕೊಂಡಿತು. ನಳ ಹರಿಯುತ್ತಲೇ ಇತ್ತು, ನಾನು ನಿಂತೇ ಇದ್ದೆ. ನೀರಿಳಿಯುವಾಗಲೇ ಬಾಚುತ್ತಿದ್ದ ಅವ್ವನ ಕೈ ಆಗ ನನ್ನ ಕಣ್ಣಿಗೆ ಬಂತು. ಹಂಡೆಯ ಪಕ್ಕ ನಿಂತು ಎಷ್ಟು ಭಾನುವಾರ ಅದನ್ನು ನೋಡಿದ್ದೆನೋ.

ಅಂದಿನಿಂದ ಮಗಳ ತಲೆ ನನ್ನ ಪಾಲಿನ ಶಾಲೆ. ಭಾನುವಾರ ಮೊದಲು ಎಣ್ಣೆ, ಆಮೇಲೆ ನೀರು. ಅಗಸಿ ಬೀಜ ಕುದಿಸಿ ಸೋಸಿದ ಲೋಳೆಯನ್ನು ಎಳೆಗೆಲ್ಲ ಸವರುತ್ತೇನೆ. ದಾಸವಾಳದ ಎಲೆ ಸಿಕ್ಕರೆ ಅದೂ ಆದೀತು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಹಣಿಗೆ. ಶುರುಮಾಡುವುದು ತುದಿಯಿಂದ, ತುದಿಯ ಒಂದು ಗೇಣು ಬಿಟ್ಟಿತೆಂದರೆ ಒಂದು ಗೇಣು ಮೇಲೆ. ಗಂಟಿನ ಮೇಲ್ಗಡೆ ಎಡಗೈಯಲ್ಲಿ ಗಟ್ಟಿ ಹಿಡಿದುಕೊಂಡರೆ ಎಳೆದದ್ದು ನನ್ನ ಕೈಗೆ ನೋಯುತ್ತದೆ, ಬುಡಕ್ಕೆ ಮುಟ್ಟುವುದಿಲ್ಲ. ಒಣಗಿದ ಮೇಲೆ ಹಣಿಗೆ ಇಲ್ಲವೇ ಇಲ್ಲ. ಮಲಗುವ ಮುಂಚೆ ಸಡಿಲವಾದ ಹೆರಳು, ತಲೆದಿಂಬಿಗೆ ಹೆಂಡತಿಯ ಹಳೆಯ ರೇಷ್ಮೆ ಕುಪ್ಪಸದ ಬಟ್ಟೆ. ಎರಡು ಮೂರು ತಿಂಗಳಿಗೊಮ್ಮೆ ಸೀಳಿದ ತುದಿಗಳನ್ನು ಒಂದು ಬೆರಳಷ್ಟು ಕತ್ತರಿಸುತ್ತೇನೆ, ಯಾಕೆಂದರೆ ಸೀಳಿದ ತುದಿಯೇ ಪಕ್ಕದ ಎಳೆಯನ್ನು ಮೊದಲು ಹಿಡಿದುಕೊಳ್ಳುವುದು. ಒಂದೊಂದು ಕಲಿತಾಗಲೂ, ಶುಕ್ರವಾರದೊಳಗೆ ಬಾ ಅಂದ ಮಾತು ನೆನಪಾಗುತ್ತಿತ್ತು. ಒಂದು ಬಕೆಟ್ಟು ನೀರು, ಅರ್ಧ ಬಟ್ಟಲು ಎಣ್ಣೆ. ಅಷ್ಟೇ ಬೇಕಿದ್ದದ್ದು.

ಹೋದ ಬೇಸಿಗೆ ಸೂಟಿಗೆ ಮಗಳು ಊರಿಗೆ ಹೋದಳು. ಅವಳಿಗೆ ಒಂಬತ್ತು ವರ್ಷ. ಹೆರಳು ಬಿಚ್ಚಿಕೊಂಡು ಹತ್ತು ದಿನ ಮಾಳಿಗೆಯ ಮೇಲೆ ಗಾಳಿಗೆ ಮಲಗಿದ್ದಾಳೆ. ಬೋರಿನ ನೀರು ಬೇರೆ. ಹನ್ನೊಂದನೆಯ ದಿನ ಅವ್ವ ಫೋನ್ ಮಾಡಿದಳು. ಹುಡುಗಿಯ ಹಿಂದಲೆಯಲ್ಲಿ, ಅಕ್ಕನಿಗೆ ಬಂದ ಜಾಗದಲ್ಲೇ, ಲಿಂಬೆಹಣ್ಣಿನಷ್ಟು ಬಂದಿದೆ, ದೀಪ ಹಚ್ಚಿದ್ದೇನೆ, ನೀನು ಬಾ, ಆದರೆ ಹಣಿಗೆ ತರಬೇಡ ಅಂದಳು.

ಹಣಿಗೆ, ಎಣ್ಣೆ, ಅಗಸಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಮೋಟಾರ್ ಸೈಕಲ್ ಹತ್ತಿದೆ. ಕುಕನೂರು ದಾಟುವವರೆಗೆ ಒಂದೇ ಯೋಚನೆ: ಈ ಸಲ ಶುಕ್ರವಾರ ಆಗಗೊಡಬಾರದು. ಅವ್ವ ಬಾಗಿಲಲ್ಲೇ ಕೂತಿದ್ದಳು. ಮುದುಕಿಯಾಗಿದ್ದಾಳೆ, ಕಣ್ಣು ಮಂಜು, ಆದರೆ ಚೀಲದಲ್ಲಿ ಏನಿದೆ ಎಂದು ಕಂಡುಹಿಡಿದಳು.

"ಒಂದ್ಸಲಾ ಮುಟ್ಟಿ ಒಬ್ಬಾಕೀನ ಕೆಡಿಸಿದಿ. ಇದನ್ನರ ಬಿಡು," ಅಂದಳು.

ಅದನ್ನು ಅವಳು ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಗಳು ಕಂಬಕ್ಕೆ ಒರಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಗ ಒಳಗಿನಿಂದ ಅಕ್ಕ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಬಂದು ಬಚ್ಚಲ ಕಲ್ಲಿನ ಪಕ್ಕ ಇಟ್ಟಳು. ಹೆಗಲ ಮೇಲಿನ ಜಡೆಯನ್ನು ಸರಿಮಾಡಿಕೊಂಡು ಅವ್ವನ ಮುಂದೆ ನಿಂತಳು.

"ಅಮ್ಮ ನನ್ನ ತಲಿಮ್ಯಾಲ ಅದಾಳಲ್ಲಬೇ? ಆಕೀನ ಕೇಳಿ ಹೇಳಾಕತ್ತೀನಿ. ಈ ಹುಡುಗೀದು ಬರೇ ಗಂಟು. ಬಿಡಸ್ಲಿ. ನಾ ಹಿಡ್ಕೊಂತೀನಿ."

ಆ ತಲೆಯಿಂದ ಬಂದ ಮಾತಿಗೆ ಅವ್ವ ಎದುರಾಡುವ ಹಾಗಿರಲಿಲ್ಲ. ಊರಲ್ಲಿ ಯಾರೂ ಎದುರಾಡುವ ಹಾಗಿರಲಿಲ್ಲ. ಅವ್ವ ಎದ್ದು ದೀಪ ಆರಿಸಲಿಲ್ಲ, ಆದರೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಮಗಳು ಆ ಕಲ್ಲಿನ ಮೇಲೆ ಮೊಣಕಾಲಿಗೆ ಮುಖ ಕೊಟ್ಟು ಕೂತಳು. ಅವ್ವನೇ ತೋಡಿಕೊಟ್ಟಳು ನೀರನ್ನು, ಸ್ವಲ್ಪ ಹೊತ್ತಿನ ನಂತರ, ಯಾರೂ ಕೇಳದೆ. ಅಕ್ಕ ಗಂಟಿನ ಮೇಲ್ಗಡೆ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು. ನಾನು ಎಣ್ಣೆ ಕುಡಿಸಿ, ಲೋಳೆ ಸವರಿ, ತುದಿಯಿಂದ ಒಂದೊಂದೇ ಎಳೆ ಬಿಡಿಸಿದೆ. ಬಿಸಿಲು ಬಚ್ಚಲ ಗೋಡೆ ಹತ್ತಿ ಇಳಿಯಿತು. "ಅತ್ತಿ, ಅಪ್ಪ ಬಿಡ್ಸೂದ್ರಾಗ ನಂಗ ಮದುವಿ ವಯಸ್ಸಾಗ್ತೈತಿ," ಎಂದಳು ಮಗಳು. ಅಕ್ಕ ಜೋರಾಗಿ ನಕ್ಕಳು. ಬೆರಳು ಮಾತ್ರ ಸಡಿಲಿಸಲಿಲ್ಲ.

ಕೊನೆಯ ಎಳೆ ಬಿಟ್ಟಾಗ ಕೈಯಲ್ಲಿ ಉಳಿದದ್ದು ಉದುರು ಕೂದಲಿನ ಒಂದು ಸಣ್ಣ ಉಂಡೆ. ಅಷ್ಟೇ ಆ ಗಂಟಿನ ಒಳಗಿದ್ದದ್ದು. ಅವ್ವ ಅದನ್ನು ಅಂಗೈ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಗೋಡೆಯ ಸಂದಿಗೆ ತುರುಕಿದಳು.

ಮಗಳು ಕುಣಿಯುತ್ತ ಹೊರಗೆ ಹೋದಳು. ಬಕೆಟ್ಟಿನಲ್ಲಿ ಇನ್ನೂ ನೀರಿತ್ತು. ನಾನು ಕೇಳಿಯೇ ಬಿಟ್ಟೆ.

"ಅಕ್ಕಾ, ನಿಂದೂ ಬಿಡಸ್ಲೇನು? ಎಷ್ಟ ದಿನಾ ಹಿಡಿದರೂ ಕುಂದರ್ತೀನಿ."

ಅವಳು ಹಸಿರು ಬಟ್ಟೆಯ ಮೇಲೆ ಕೈಯಾಡಿಸಿದಳು.

"ಆವಾಗ ಬಂದಿದ್ರ ಆಗಿತ್ತೋ ತಮ್ಮಾ. ಈಗ ಬಿಡಿಸಿದ್ರ ಇಷ್ಟು ವರ್ಸ ಎಲ್ಲಿ ಇಡ್ಲಿ?"

ಕೋಪವಿಲ್ಲದೆ ಅಂದಳು. ನಾನು ಹಣಿಗೆ ತೊಳೆದು ಚೀಲಕ್ಕೆ ಹಾಕುವುದರಲ್ಲಿದ್ದೆ. ಆಗ ಅವಳು ಕಲ್ಲಿನ ಮೇಲೆ ಕೂತಳು. ಮೊಣಕಾಲಿಗೆ ಮುಖ ಕೊಡಲಿಲ್ಲ. ಮುಖ ಮೇಲೆತ್ತಿ, ಹಣೆಯ ಹತ್ತಿರ ಜಡೆಗೆ ಸೇರದೆ ಉಳಿದಿದ್ದ ಕೂದಲನ್ನು ಬೆರಳಿನಿಂದ ತೋರಿಸಿದಳು. "ಇವು ಇನ್ನೂ ನನ್ನವು. ಇವಕ್ಕ ಹಚ್ಚು," ಎಂದಳು.

ಅಂಗೈಯಲ್ಲಿ ನೀರು ತೆಗೆದುಕೊಂಡು ಅವನ್ನು ನೆನೆಸಿದೆ. ಅರ್ಧ ನರೆತಿವೆ. ತುದಿಯಿಂದ ಶುರುಮಾಡಿದೆ. ನೀರಿಳಿಯುತ್ತಿರುವಾಗಲೇ ಹಣಿಗೆ ಹಾಕಿದೆ. ಒಣಗಿದ ಮೇಲೆ ಅವು ಸುರುಳಿ ಸುತ್ತಿಕೊಂಡು ಮೇಲೇರಿದವು, ಮೊದಲಿನ ಹಾಗೆಯೇ. ಈಗ ತಿಂಗಳಿಗೊಂದು ಭಾನುವಾರ ಊರಿಗೆ ಹೋಗುತ್ತೇನೆ. ಅಷ್ಟು ಕೂದಲಿಗೆ ಅರ್ಧ ಗಳಿಗೆಯ ಕೆಲಸ; ನಾನು ಇಡೀ ಮುಂಜಾನೆ ತೆಗೆದುಕೊಳ್ಳುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಭಾಗ್ಯನಗರದಲ್ಲಿ ತಗಡಿನ ಶೆಡ್ಡು ಒಂದು. ಅದರಲ್ಲಿ ಕೂತು ಸಿಕ್ಕು ಬಿಡಿಸುವ ಹೆಂಗಸರು ಹದಿನಾಲ್ಕು ಮಂದಿ. ಮೋಟಾರ್ ಸೈಕಲ್ ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅವ್ವ ಒಬ್ಬಳು. ಅಗಲ ಹಲ್ಲಿನ ಕಟ್ಟಿಗೆಯ ಹಣಿಗೆ ಎರಡು, ಒಂದು ಇಲ್ಲಿ, ಒಂದು ಊರಲ್ಲಿ. ಕಾಗದದಲ್ಲಿ ಸುತ್ತಿಟ್ಟ ಕೂದಲಿನ ಎಸಳು ಒಂದು, ಗೇಣುದ್ದದ್ದು, ಮಾರಾಟಕ್ಕಲ್ಲ. ಅಕ್ಕ ಒಬ್ಬಳು. ಅವಳ ಹಣೆಯ ಮೇಲೆ ಬಿಡಿ ಗುಂಗುರು ಏಳು: ಎಡಕ್ಕೆ ನಾಲ್ಕು, ಬಲಕ್ಕೆ ಮೂರು.